ಬೇಚರಾಕ್

ಗೋಡೆಗೆ ತೂಗುಹಾಕಿದ್ದ ದೊಡ್ಡ ನಕ್ಷೆಯ ಮೇಲೆ ನಮ್ಮ ಹಣೆಯ ಟಿಕಳಿಗಳಿದ್ದವು. ಹೆಚ್ಚಿನವು ಕೆಂಪು, ಒಂದು ಹಸಿರು, ಇನ್ನೊಂದರ ಅಂಚಿಗೆ ಚಿನ್ನದ ಹೊಳಪು. ಶಿಬಿರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಊರಿಗೆ ಗುಂಡುಪಿನ್ನು ಚುಚ್ಚಿ ಪರಿಚಯ ಹೇಳಿಕೊಳ್ಳಬೇಕೆಂದು ಹಳ್ಳಿಕೇರಿ ಸರ್ ಅಪ್ಪಣೆ ಮಾಡಿದ್ದರು. ಹುಡುಗರು ಮುಗಿಬಿದ್ದು ಚುಚ್ಚಿದರು. ನಮ್ಮ ಸರದಿ ಬರುವ ಹೊತ್ತಿಗೆ ಪಿನ್ನಿನ ಡಬ್ಬಿ ಬರಿದಾಗಿತ್ತು. ಆಗ ದ್ಯಾಮವ್ವ ಹಿಂದುಮುಂದು ನೋಡದೆ ತನ್ನ ಟಿಕಳಿ ಕಿತ್ತು ನಕ್ಷೆಗೆ ಅಂಟಿಸಿಬಿಟ್ಟಳು. ಉಳಿದವರೂ ಅದನ್ನೇ ಮಾಡಿದೆವು. ಬರಿ ಹಣೆಯಲ್ಲಿ ಸಾಲಾಗಿ ಕುಳಿತ ನಮ್ಮನ್ನು ನನ್ನ ಅಜ್ಜಿ ಕಂಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು.

ನಾವೆಲ್ಲ ಬೇರೆ ಬೇರೆ ಕಾಲೇಜುಗಳಿಂದ ಬಂದವರು, ಭೂಗೋಳದ ಎಂ.ಎ. ಓದುತ್ತಿದ್ದವರು. ಶಿಬಿರ ನಡೆದ ವಿಶ್ವವಿದ್ಯಾಲಯದ ವಿಭಾಗದಲ್ಲಿ ನಮಗೆ ನಕ್ಷೆ ಬರೆಯುವ ತರಬೇತಿ. ಕೊನೆಯ ದಿನ ದೊಡ್ಡ ದೊಡ್ಡ ಅಧಿಕಾರಿಗಳ ಜೊತೆ ಪರಿಚಯ ಕೂಟ. ಖರ್ಚೆಲ್ಲ ಅಣೆಕಟ್ಟಿನ ಮಂಡಳಿಯದು. ಕೂಟದಲ್ಲಿ ಕಣ್ಣಿಗೆ ಬಿದ್ದವರಿಗೆ ಮಂಡಳಿಯಲ್ಲಿ ನೌಕರಿ ಎಂಬ ಮಾತು ಹಾಸ್ಟೆಲ್ಲಿನ ತುಂಬ ಓಡಾಡುತ್ತಿತ್ತು.

ದ್ಯಾಮವ್ವ ನನ್ನ ಕೋಣೆಯ ಜೊತೆಗಾತಿ. ಮೊದಲ ದಿನದ ಆ ನಕ್ಷೆಯಲ್ಲಿ ಅವಳ ಊರು ತುಂಬಿಹಾಳ ಇರಲೇ ಇಲ್ಲ.

"ಹೊಳಿ ಹಿಂಗ ಬಾಗತದ ನೋಡ್ರಿ ಸರ್, ಇಲ್ಲೇ ಎಲ್ಲೋ ಇರಬೇಕು," ಎಂದು ಅಂದಾಜಿನ ಮೇಲೆ ಟಿಕಳಿ ಒತ್ತಿದ್ದಳು.

"ನಕ್ಷಾದಾಗ ಇಲ್ಲದ ಊರಿಂದ ಬಂದೀ ಅಂದ್ರ ನೀ ದೆವ್ವನ ಇರಬೇಕು ಬಿಡವಾ," ಎಂದ ಹಿಂದಿನ ಸಾಲಿನ ಚಂದ್ರಾಮ.

"ಹೌದೋ, ನಿನ್ನ ಹಿಡೀಲಿಕ್ಕಂತನ ಬಂದೀನಿ. ಇವತ್ತ ಒಬ್ಬಾವನ ಮಲಗಬ್ಯಾಡ."

ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಮರುದಿನ ನಮ್ಮ ಮುಂದೆ ವಿಮಾನದಿಂದ ತೆಗೆದ ಚಿತ್ರಗಳನ್ನು ಇಟ್ಟರು. ಯಾವ ಚಿತ್ರಕ್ಕೂ ಊರಿನ ಹೆಸರಿರಲಿಲ್ಲ, ಮೂಲೆಯಲ್ಲೊಂದು ಅಂಕಿ ಮಾತ್ರ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಎರಡು ಮಸೂರಗಳ ಯಂತ್ರದಿಂದ ನೋಡಿದರೆ ಚಪ್ಪಟೆ ಕಾಗದ ಒಮ್ಮೆಲೇ ಉಸಿರೆಳೆದಂತೆ ಎದ್ದು ಗುಡ್ಡವಾಗುತ್ತಿತ್ತು, ಹಳ್ಳವಾಗುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಜ್ಜಿಯ ಕತೆಗಳಲ್ಲಿ ರಾಜಕುಮಾರಿಯರು ಹಕ್ಕಿಯ ಬೆನ್ನೇರಿ ಹೋಗುತ್ತಿದ್ದುದು ಈ ಎತ್ತರದಲ್ಲೇ. ಏಳು ಸಮುದ್ರ ದಾಟಿದ್ದರೂ ತಿರುಗಿ ಬರುವಾಗ ಅವರಿಗೆ ತಮ್ಮ ಮನೆ ಥಟ್ಟನೆ ಗುರುತು ಸಿಕ್ಕೇ ಸಿಗುತ್ತಿತ್ತು. ಆ ವಿಷಯದಲ್ಲಿ ಅಜ್ಜಿ ಯಾರಿಗೂ ಮೋಸ ಮಾಡಿದವಳಲ್ಲ.

"ನೆರಳು ನೋಡ್ರಿ," ಎನ್ನುತ್ತಿದ್ದರು ಹಳ್ಳಿಕೇರಿ ಸರ್, ಮೇಜಿನಿಂದ ಮೇಜಿಗೆ ಬಾಗುತ್ತ. "ಮ್ಯಾಲೆ ಸೂರಿದ್ದ ಮನಿ ತುಂಬಿದ ಚೌಕ ಕಾಣತದ. ಬರೇ ಗ್ವಾಡಿ ಉಳದಿದ್ರ ಪೊಳ್ಳು ಚೌಕ, ಒಳಗ ಬಿಸಲು. ಪೊಳ್ಳು ಚೌಕದ ಊರಿಗೆ 'ಬೇ' ಅಂತ ಬರೀರಿ. ಬೇಚರಾಕ್. ಹಳೇ ಕಂದಾಯದ ಮಾತು ಅದು. ಚಿರಾಗ್ ಅಂದ್ರ ದೀಪ, ಬೇ ಅಂದ್ರ ಇಲ್ಲ. ದೀಪ ಹಚ್ಚೋರಿಲ್ಲದ ಊರು."

ಆ ಮಾತು ಕೇಳಿ ನನಗೆ ಮೈ ಜುಂ ಎಂದಿತು. ಸರ್ಕಾರಿ ಕಡತದೊಳಗೆ ಯಾರೋ ಕತೆ ಬಲ್ಲವರು ನುಸುಳಿ ಬರೆದು ಹೋದ ಹಾಗಿತ್ತು. ಅದರ ಗುಂಗಿನಲ್ಲಿ ನನ್ನ ಕೆಲಸ ಹಿಂದೆ ಬಿತ್ತು. ದ್ಯಾಮವ್ವನಿಗೆ ಅಂಥ ಚಾಳಿ ಇರಲಿಲ್ಲ. ಅವಳ ಕಣ್ಣು ಚುರುಕು, ಕೈ ಅದಕ್ಕಿಂತ ಚುರುಕು. ಗೆರೆ ಎಲ್ಲಿಯೂ ನಡುಗುತ್ತಿರಲಿಲ್ಲ. ಪೊಳ್ಳು ಚೌಕಗಳ ಒಂದು ಗುಂಪನ್ನು ಕಂಡು "ಪಾಪ, ಇಷ್ಟು ಚೊಲೋ ಹೊಳಿ ದಂಡೀ ಮ್ಯಾಲಿದ್ದೂ ಹಾಳಾಗೇದ ನೋಡ," ಎಂದು ಲೊಚಗುಟ್ಟಿ, ದುಂಡಗೆ 'ಬೇ' ಎಂದು ಬರೆದು ಚುಕ್ಕೆ ಇಟ್ಟದ್ದು ನನ್ನ ಕಣ್ಣೆದುರಿಗೇ ಇದೆ.

ಸಂಜೆ ಹೊತ್ತು ಪರಿಚಯ ಕೂಟದ ತಾಲೀಮು. ಹೆಸರು, ಊರು, ಓದು ಹೇಳಿ ಕೈ ಮುಗಿಯಬೇಕು, ಕಣ್ಣು ತಗ್ಗಿಸಬಾರದು ಎಂದು ಸರ್ ಕಲಿಸಿದ್ದರು. ನಾನು ದಿಂಬನ್ನು ಹೊಟ್ಟೆಗೆ ಕಟ್ಟಿಕೊಂಡು ಸಾಹೇಬನಾಗುತ್ತಿದ್ದೆ, ದ್ಯಾಮವ್ವ ಎದುರಿಗೆ ನಿಂತು ಕೈ ಮುಗಿಯುತ್ತಿದ್ದಳು.

"ಏನಮ್ಮಾ, ನಿನಗ್ಯಾಕ ನೌಕರಿ?"

"ನಮ್ಮವ್ವ ಪ್ರತಿ ವರ್ಷ ಕಬ್ಬು ಕಡೀಲಿಕ್ಕೆ ಪರವೂರಿಗೆ ಹೋಗತಾಳ್ರಿ ಸಾಹೇಬ್ರ. ನನಗ ನೌಕರಿ ಆದ್ರ ಆಕಿ ಮನ್ಯಾಗ ಇರತಾಳ್ರಿ. ಹನ್ನೆರಡೂ ತಿಂಗಳು, ನಮ್ಮ ಮನ್ಯಾಗ."

"ಥೂ, ಹಿಂಗ ಅಂದ್ರ ಯಾರ ಕೊಡತಾರ? ದೇಶಸೇವಾ ಅನ್ನು."

"ದೇಶಸೇವಾ ನೀ ಮಾಡವಾ. ನನಗ ಅವ್ವನ ಸೇವಾ ಸಾಕು."

ಕೂಟದ ದಿನ ಸಭಾಂಗಣದಲ್ಲಿ ಚಹಾ, ಚೂಡಾ, ಬಾಳೆಹಣ್ಣು. ಹಳೆಯ ನಕ್ಷೆಯ ಪಕ್ಕದಲ್ಲಿ ಹೊಸದೊಂದು ನಕ್ಷೆ ತೂಗುತ್ತಿತ್ತು. ನಾವು ಬರೆದ ಹಾಳೆಗಳನ್ನೇ ಒಂದಕ್ಕೊಂದು ಜೋಡಿಸಿದ್ದರು. ಮಂಡಳಿಯವರು ಹಿಂದಿನ ದಿನ ಬಂದು ಊರುಗಳ ಹೆಸರನ್ನು ನೀಲಿ ಶಾಯಿಯಲ್ಲಿ ತುಂಬಿ, ಹೊಳೆಯ ಉದ್ದಕ್ಕೂ ಒಂದು ದಪ್ಪ ನೀಲಿ ಗೆರೆ ಎಳೆದು ಹೋಗಿದ್ದರು. ಆ ಗೆರೆ ಏನೆಂದು ನಾವು ಕೇಳಿರಲಿಲ್ಲ. ಅಭ್ಯಾಸದ ನಕ್ಷೆಯೆಂದೇ ಎಲ್ಲರೂ ತಿಳಿದಿದ್ದೆವು.

ಮಂಡಳಿಯ ಹಿರಿಯ ಸಾಹೇಬರು ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ನಡುವಿನ ಹಾಳೆಯ ಮೇಲೆ ಬೆರಳಿಟ್ಟು, "ಇದು ಯಾರ ಕೈ?" ಎಂದರು.

ಹಳ್ಳಿಕೇರಿ ಸರ್ ದ್ಯಾಮವ್ವನನ್ನು ಮುಂದೆ ಕರೆದರು. ಅವಳು ಕಣ್ಣು ತಗ್ಗಿಸದೆ ಕೈ ಮುಗಿದಳು.

"ಭಾಳ ಸ್ವಚ್ಛ ಅದ. ಪರೀಕ್ಷಾ ಮುಗಿಸಿ ಬಂದು ನನ್ನ ಕಾಣು. ನಿನ್ನಂಥವರು ಬೇಕು ನಮಗ."

ದ್ಯಾಮವ್ವ ತಿರುಗಿ ನನ್ನತ್ತ ನೋಡಿದಳು. ಅಂಥ ಮುಖವನ್ನು ಮತ್ತೆ ಅವಳಲ್ಲಿ ನಾನು ಕಾಣಲಿಲ್ಲ.

ಸರ್ ಹುರುಪಿನಿಂದ ಚಪ್ಪಾಳೆ ತಟ್ಟಿದರು. "ಹೆಣ್ಣುಮಕ್ಕಳು ಮೊದಲನೇ ದಿನ ಹಣೀ ಟಿಕಳಿ ಹಚ್ಚಿದ್ದರು, ಸಾಹೇಬರ. ಈಗ ಹೊಸಾ ನಕ್ಷಾದಾಗ ತಮ್ಮ ತಮ್ಮ ಊರಿಗೆ ಸರಿಯಾಗಿ ಹಚ್ಚಲಿ. ಹೂಂ, ದ್ಯಾಮವ್ವ, ನಿನ್ನಿಂದನ ಶುರು ಆಗಲಿ."

ಅವಳು ಹಳೆಯ ನಕ್ಷೆಯಿಂದ ತನ್ನ ಟಿಕಳಿಯನ್ನು ಉಗುರಿನಿಂದ ಎಬ್ಬಿಸಿದಳು. ಹೊಸದರಲ್ಲಿ ಹೊಳೆಯ ಬಾಗನ್ನು ಹುಡುಕಿದಳು. ಬೆರಳ ತುದಿಯಲ್ಲಿ ಟಿಕಳಿ ಹಾಗೆಯೇ ನಿಂತಿತು. ನೀಲಿ ಶಾಯಿಯಲ್ಲಿ ತುಂಬಿಹಾಳ ಎಂದಿತ್ತು. ಅದರ ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ 'ಬೇ.'

"ಸರ್, ಇಲ್ಲೊಂದು ತಪ್ಪಾಗೇದ್ರಿ."

"ಏನು?"

"ಇದು ಬೇಚರಾಕ್ ಅಲ್ರಿ. ನಮ್ಮೂರು. ನಮ್ಮವ್ವ ಇಲ್ಲೇ ಇರತಾಳ."

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇದನ್ನ ಬರದವರು ಯಾರು?"

"ನಾನ ರೀ."

"ಬರಿವಾಗ ಇಲ್ಲ ಅಂದೀ, ಈಗ ಅದಾರ ಅಂತೀ. ಯಾವುದು ಹಿಡಕೋಬೇಕು ನಾವು?"

ಹಿಂದೆ ಯಾರೋ ನಕ್ಕರು. ಸಾಹೇಬರೂ ತಮಾಷೆಗೇ ಕೇಳಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಬ್ಬರ ಕಡೆ ಹೊರಳಿದರು. ಚಹಾ ಮುಗಿಯುವ ಹೊತ್ತಿಗೆ ಮಂಡಳಿಯ ಆಳುಗಳು ನಮ್ಮ ನಕ್ಷೆಯನ್ನು ಬಿಚ್ಚಿ, ಸುತ್ತಿ, ಉದ್ದನೆಯ ತಗಡಿನ ಕೊಳವೆಗೆ ಇಳಿಸಿ ಮುಚ್ಚಳ ಬಿಗಿದರು. ಅಭ್ಯಾಸದ ನಕ್ಷೆಯನ್ನು ಯಾರೂ ಅಷ್ಟು ಜೋಪಾನ ಮಾಡುವುದಿಲ್ಲ.

"ಸರ್, ಅದನ್ನ ಒಯ್ಯಾಕತ್ತಾರಲ್ರಿ!" ಎಂದಳು ದ್ಯಾಮವ್ವ.

ಹಳ್ಳಿಕೇರಿ ಸರ್ ಖಾಲಿ ಕಪ್ಪನ್ನು ಬಸಿಯಲ್ಲಿ ತಿರುಗಿಸಿದರು. "ಎಷ್ಟು ಊರು ಮುಳಗತಾವ, ಎಷ್ಟು ಮಂದೀನ ಎಬ್ಬಸಬೇಕು ಅಂತ ಲೆಕ್ಕಾ ಹಾಕಲಿಕ್ಕೆ ಬೇಕಂತ. ನನಗೂ ಈಗ ಹೇಳಿದರು. ಮೊದಲ ಸ್ಥಳಕ್ಕ ಬಂದು ನೋಡತಾರ ತಂಗಿ. ಆವಾಗ ನೀನೂ ಹೋಗು, ಹೇಳು."

ಆ ಸಂಜೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಅವಳು ನನಗೆ ಬಿಡಿಸಿ ಹೇಳಿದಳು. ತುಂಬಿಹಾಳದ ಮನೆಗಳಿಗೆ ಜೇಕು ಹುಲ್ಲಿನ ದಪ್ಪ ಚಾಪೆಗಳೇ ಸೂರು. ಕಬ್ಬಿಗೆ ಹೊರಡುವ ದಿನ ಊರಿಗೆ ಊರೇ ಸೂರು ಇಳಿಸಿ, ಸುತ್ತಿ, ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತದೆ. ಹೋದಲ್ಲಿ ಅವೇ ಚಾಪೆಗಳು ಗುಡಿಸಲಾಗುತ್ತವೆ. ಮಳೆಗಾಲಕ್ಕೆ ತಿರುಗಿ ಬಂದು ಮತ್ತೆ ಹೊದಿಸುತ್ತಾರೆ. ವಿಮಾನ ಹಾರಿದ್ದು ಊರು ಕಬ್ಬಿಗೆ ಹೋಗಿದ್ದಾಗ.

"ಆದ್ರ ನಿನಗ ಗೊತ್ತಿತ್ತಲ್ಲ?" ಎಂದೆ. "ಗುರುತು ಹೆಂಗ ಸಿಗಲಿಲ್ಲ?"

"ಸೂರು ಇಳಿಸೋದು ಕಂಡೀನಿ. ಸಣ್ಣಾಕಿದ್ದಾಗ ನಾನೂ ಹೊತ್ತೀನಿ. ಇಳಿಸಿದ ಮ್ಯಾಲೆ ಊರು ಹೆಂಗ ಕಾಣತದ ಅಂತ ನಮ್ಮಾಗ ಒಬ್ಬರಿಗೂ ಗೊತ್ತಿಲ್ಲ." ಅವಳು ಮೆಟ್ಟಿಲ ಧೂಳಿನಲ್ಲಿ ಬೆರಳಿನಿಂದ ಒಂದು ಪೊಳ್ಳು ಚೌಕ ಎಳೆದಳು. "ಹೊಳ್ಳಿ ನೋಡಬಾರದು. ಬತ್ತಲಾದ ಮನೀನ ನೋಡಿದ್ರ ಅದು ನಾಚಿ ಬಿದ್ದುಬಿಡತದಂತ. ಹಿರೇರು ಕೂಸುಗಳ ಕುತ್ತಿಗಿ ಹಿಡದು ಮುಂದ ನೋಡಸತಾರ. ತಿರುಗಿ ಬಂದಾಗೂ ಸೂರು ಹೊದಿಸೋತನಕ ತಲಿ ತಗ್ಗಿಸೇ ಇರತೇವಿ. ನಮ್ಮೂರನ್ನ ಆ ಅವತಾರದಾಗ ಮೊದಲು ನೋಡಿದಾಕಿ ನಾನ ಆದೆ. ಮ್ಯಾಲಿಂದ."

ಮಂಡಳಿಯ ಪರಿಶೀಲನೆಯವರು ಬಂದದ್ದು ಬಿಸಿಲು ಇನ್ನೂ ಏರುತ್ತಿದ್ದ ತಿಂಗಳಲ್ಲಿ. ನಾವಿಬ್ಬರೂ ಜೀಪಿನ ಹಿಂದೆ ಕುಳಿತು ಹೋದೆವು. ತುಂಬಿಹಾಳದಲ್ಲಿ ಎದೆಯುದ್ದದ ಮಣ್ಣಿನ ಗೋಡೆಗಳು, ಗೋಡೆಗಳ ನಡುವೆ ಆಕಾಶ. ಓಣಿಯಲ್ಲಿ ಗಾಳಿ ಬಿಟ್ಟರೆ ಯಾವ ಸದ್ದೂ ಇರಲಿಲ್ಲ. ದ್ಯಾಮವ್ವ ತನ್ನ ಮನೆಯ ಹೊಸ್ತಿಲಿನಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಒಳಗೆ ಹೋಗಿ ಅವರನ್ನು ಕರೆದಳು.

"ನೋಡ್ರಿ, ಒಲಿ. ಒಳಕಲ್ಲು. ಇದು ನಮ್ಮವ್ವ ಸಾರಿಸಿದ್ದ ಗ್ವಾಡಿ, ಬೆರಳ ಮೂಡ್ಯಾವ ನೋಡ್ರಿ."

ಅವರಲ್ಲಿ ಹಿರಿಯನಾದವನು ಒಳ್ಳೆಯ ಮನುಷ್ಯನೇ. ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದ: "ಒಲಿ ಎಲ್ಲಾ ಹಾಳೂರಾಗೂ ಇರತಾವ ತಂಗೀ. ಮಂದಿ ತೋರಸು. ಒಬ್ಬರನ್ನ ತೋರಸು ಸಾಕು."

"ನಾ ನಿಂತೀನಲ್ರಿ, ನಿಮ್ಮ ಮುಂದ."

"ನೀ ಹಾಸ್ಟೆಲ್ಲಿನಾಕಿ. ನಕ್ಷಾ ಬರದಾಕಿ."

ಅವನು ಕೊಳವೆಯಿಂದ ಹಾಳೆ ಎಳೆದು, ಸುತ್ತಲೂ ಒಮ್ಮೆ ನೋಡಿ, 'ಬೇ.' ಮುಂದೆ ಒಂದು ಗುರುತು ಹಾಕಿದ. ನಕ್ಷೆಗೂ ನೆಲಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹಳ್ಳಿಕೇರಿ ಸರ್ ಕಲಿಸಿದ ವಿದ್ಯೆಯನ್ನು ಅವಳು ಅಷ್ಟು ಚೆನ್ನಾಗಿ ಕಲಿತಿದ್ದಳು.

ಆಮೇಲೆ ದ್ಯಾಮವ್ವ ಓಡಾಡಿದ್ದೇ ಓಡಾಡಿದ್ದು. ಸಾಹೇಬರನ್ನು ಕಾಣಲು ಹೋದಳು, ನೌಕರಿಗಲ್ಲ. ಬಾಗಿಲಲ್ಲಿದ್ದವನು ಊರಿನವರೇ ಬಂದು ಹೇಳಬೇಕೆಂದ. ಊರಿನವರು ಕಬ್ಬಿನ ಮೇಸ್ತ್ರಿಯ ಹಿಂದೆ ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದರು. ಹೇಳಿ ಕಳಿಸಿದ ಮಾತು ಅವರು ಬಿಟ್ಟುಹೋದ ಗದ್ದೆಗಳನ್ನು ಮುಟ್ಟುತ್ತಿತ್ತು. ದೀಪವಿದ್ದ ಊರುಗಳಲ್ಲಿ ಡಂಗುರ ಸಾರಿದರು. ಅಲ್ಲಿನ ಜನ ಅಳುತ್ತ, ಬಯ್ಯುತ್ತ, ಗಾಡಿಗೆ ತೊಲೆ-ಜಂತೆ ಹೇರಿಕೊಂಡು ಮಂಡಳಿ ತೋರಿಸಿದ ಜಾಗಕ್ಕೆ ಹೋದರು. ತುಂಬಿಹಾಳದಲ್ಲಿ ಕೇಳುವವರಿಲ್ಲವೆಂದು ಡಂಗುರದವನು ಆ ಕಡೆ ತಿರುಗಲೇ ಇಲ್ಲ.

ಮೊದಲ ಮಳೆ ಬಿದ್ದ ಮೇಲೆ ನಾವಿಬ್ಬರೂ ದಾರಿಯ ಏರಿನಲ್ಲಿ ಕಾದು ನಿಂತೆವು. ಕಬ್ಬಿನಿಂದ ತಿರುಗಿ ಬರುವ ಊರಿನವರು ಅದನ್ನು ಹತ್ತುವ ಮೊದಲೇ ತಡೆದು ಹೇಳಬೇಕೆಂದು ದ್ಯಾಮವ್ವ ಮಾತು ಜೋಡಿಸಿಕೊಂಡಿದ್ದಳು. ಮಧ್ಯಾಹ್ನ ಇಳಿಯುತ್ತಿರುವಾಗ ಕೆಳಗಿನಿಂದ ಹಾಡಿನ ದನಿ ಕೇಳಿಸಿತು. ಆಮೇಲೆ ಸುರುಳಿ ಸುತ್ತಿದ ಚಾಪೆಗಳು ಕಂಡವು. ಅವುಗಳ ಕೆಳಗಿನ ಮುಖಗಳು ಬಿಸಿಲಿಗೆ ಕರ್ರಗಾಗಿದ್ದವು. ಎಲ್ಲರಿಗಿಂತ ಮುಂದಿದ್ದವಳು ದ್ಯಾಮವ್ವನ ತಾಯಿ.

"ಅಯ್ಯ ನನ್ನ ಮಗಳ! ಇಷ್ಟು ದೂರ ಯಾಕ ಬಂದಿ? ಊರಾಗ ಇದ್ದು ನೀರು ತುಂಬಿ ಇಡಬಾರದಿತ್ತೇನ?"

ದ್ಯಾಮವ್ವ ಕೈ ಅಡ್ಡ ಹಿಡಿದಳು. ತಾಯಿ ನಗುತ್ತ ಅವಳನ್ನು ದಾಟಿ ಏರಿನ ತುದಿಗೆ ಹೋದಳು. ಕೆಳಗೆ, ಹೊಳೆ ಬಾಗುವ ಕಡೆಯಿಂದ ಆಚೆಯ ಗುಡ್ಡದ ಬುಡದವರೆಗೆ, ಅಣೆಕಟ್ಟು ತಡೆದ ಕೆಂಪು ನೀರು ನಿಶ್ಚಲವಾಗಿ ಹರಡಿತ್ತು. ಅವಳು ಎರಡೂ ಕೈಗಳಿಂದ ತಲೆಯ ಹೊರೆಯನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ಇದು ಯಾವೂರ ಕೆರೀ?" ಎಂದಳು. "ದಾರಿ ತಪ್ಪೇವೇನ ನಾವು?"

ಹಿಂದಿನವರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕದಲ್ಲಿ ನಿಂತರು. ಹಾಡು ನಿಂತಿತು. ಗಾಳಿಗೆ ಚಾಪೆಗಳ ಬಿಡಿ ಎಳೆಗಳು ಅಲ್ಲಾಡುತ್ತಿದ್ದವು. ಎಷ್ಟು ಹೊತ್ತಾದರೂ ಯಾರೂ ಹೊರೆ ಇಳಿಸಲಿಲ್ಲ.