ಮಲಗಿದವಳ ಗೋಡೆ

ಈರುಳ್ಳಿ ಹೆಚ್ಚುತ್ತಿದ್ದವಳು ಚಾಕುವನ್ನು ಮಣೆಯ ಮೇಲಿಟ್ಟು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಕಣ್ಣಿನ ನೀರು ಈರುಳ್ಳಿಯದೋ ಬೆವರಿನದೋ ಎಂದು ವಿಚಾರಿಸುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಗಳೆರಡು ಕುದಿಯುತ್ತಿದ್ದವು. ಆವಿ ಮೇಲೆದ್ದು, ಹೊರಗೆ ಹೋಗುವ ದಾರಿ ಕಾಣದೆ, ಮತ್ತೆ ಅವಳ ತಲೆಯ ಮೇಲೇ ಇಳಿಯುತ್ತಿತ್ತು. ಹತ್ತಿರದ ಕಚೇರಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವುದು ಅವಳ ಕಸುಬು. ಬೆಳಕು ಹರಿಯುವ ಮೊದಲು ಈ ಕೋಣೆ ಹೊಕ್ಕರೆ, ಬೆಳಕು ಹರಿದದ್ದು ತಿಳಿಯುತ್ತಿದ್ದುದು ಹಾಲಿನವನ ಸೈಕಲ್ ಗಂಟೆಯಿಂದಲೇ.

ಅಡುಗೆಮನೆಯ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿತ್ತು, ಇನ್ನೊಂದರಾಚೆ ಮಲಗುವ ಕೋಣೆ. ಮೂರನೆಯದರಲ್ಲಿ ಒಳಬಾಗಿಲು. ಒಲೆಯ ಹಿಂದಿನ ಗೋಡೆಯೊಂದೇ ಬೀದಿಗೆ ಮುಖ ಮಾಡಿತ್ತು. ಅದರಲ್ಲೊಂದು ಕಿಟಕಿ ಮಾಡಿಸಿ ಎಂದು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳು. "ನೋಡೋಣ" ಎನ್ನುವುದು ಗಂಡನ ಉತ್ತರ. ನೋಡಿ ನೋಡಿ ಅವನ ಕಣ್ಣಿಗೆ ಕನ್ನಡಕ ಬಂತೇ ಹೊರತು ಗೋಡೆಗೆ ಕಿಟಕಿ ಬರಲಿಲ್ಲ. ಈ ವರ್ಷ ಅದೇನಾಯಿತೋ, ಒಪ್ಪಿದ. ಗಾರೆಯವನು ಬಂದು ಬೀದಿಯ ಕಡೆಯಿಂದ ಸೀಮೆಸುಣ್ಣದಲ್ಲಿ ನೆಟ್ಟಗೆ ಒಂದು ಚೌಕ ಎಳೆದ. "ಇಲ್ಲೇ ಒಡಿಯೋದು, ಅಳಿಸಬೇಡಿ" ಎಂದು ಹೇಳಿ, ಬೇರೆ ಕೆಲಸ ಹಿಡಿದು ಮಾಯವಾದ.

ಆ ನಡುವೆ ಬಂದವಳು ಬಣ್ಣದ ಹುಡುಗಿ. ಊರಿನ ಗೋಡೆಗಳಿಗೆಲ್ಲ ಚಿತ್ರ ಬಿಡಿಸುತ್ತ ತಿರುಗುವವಳು. ಗೋಡೆಯ ಬುಡದಲ್ಲಿ ದಾರಿಹೋಕ ಗಂಡಸರು ನಿಂತು ಹೊಲಸು ಮಾಡಿ ಬೀದಿಯೇ ನಾರುತ್ತಿತ್ತು. "ಚಿತ್ರ ಇದ್ರೆ ಯಾರೂ ನಿಲ್ಲಲ್ಲ ಆಂಟಿ" ಎಂದಳು. ಅಷ್ಟಾದರೂ ಆಗಲಿ ಎಂದು ಇವಳು ಹೂಂಗುಟ್ಟಿದಳು, ಹಿತ್ತಲಿನ ಏಣಿಯನ್ನೂ ಕೊಟ್ಟಳು. ಚೌಕದ ವಿಷಯ ಹೇಳುವುದನ್ನೇ ಮರೆತಳು. ಡಬ್ಬಿ ತುಂಬುವ ಹೊತ್ತು ಅದು. ಗಂಡನ ಹೆಸರು ಕೇಳಿದ್ದರೂ ತಡವರಿಸುತ್ತಿದ್ದಳು.

ಕೆಲಸ ಮುಗಿದ ಮೇಲೆ ಹೋಗಿ ನೋಡಿದರೆ, ಗೋಡೆಯ ಉದ್ದಕ್ಕೂ ಒಬ್ಬ ಹೆಂಗಸು ಮಲಗಿದ್ದಳು. ಕೆನ್ನೆ ದಿಂಬಿನ ಮೇಲೆ. ಬಾಯಿ ಚೂರೇ ತೆರೆದಿದೆ. ಒಂದು ಕೈ ಜಾರಿ ಕೆಳಗೆ ಜೋತುಬಿದ್ದಿದೆ. ಯಾರೂ ಕರೆಯಲಾರರು ಎಂಬ ಭರವಸೆ ಇದ್ದವರು ಮಾತ್ರ ಹಾಗೆ ಮಲಗಬಲ್ಲರು.

"ಯಾರೋ ಚೌಕ ಎಳೆದಿದ್ರಲ್ಲ ಆಂಟಿ, ಅದನ್ನ ನೋಡೇ ನಂಗೆ ದಿಂಬು ಹೊಳೀತು. ದಿಂಬು ಬಂದ ಮೇಲೆ ಮಲಗೋಕೆ ಒಬ್ಳು ಬೇಕಲ್ವಾ?"

ಹುಡುಗಿಯ ಮೂಗಿನ ಮೇಲೂ ನೀಲಿ ಬಣ್ಣ. ಅಷ್ಟು ಸಂತೋಷದಿಂದ ನಿಂತವಳ ಮುಂದೆ ಕಿಟಕಿಯ ಮಾತು ಇವಳ ಬಾಯಿಂದ ಹೊರಡಲಿಲ್ಲ.

ಗಂಡ ಮೊದಲ ದಿನ, "ಇದೇನಿದು ಗೋಡೆ ತುಂಬ ಗೀಚಾಟ, ಗಾರೆಯವನು ಬಂದಾಗ ಸುಣ್ಣ ಬಳಿಸಿಬಿಡೋಣ" ಎಂದಿದ್ದ. ಪೇಪರಿನಲ್ಲಿ ಚಿತ್ರದ ಫೋಟೋ ಬಂದದ್ದೇ ತಡ, ಗೀಚಾಟ ಹೋಗಿ "ನಮ್ಮ ಗೋಡೆ" ಆಯಿತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. "ಹಗಲು ಹೊತ್ತಲ್ಲಿ ಕಾಲು ಚಾಚಿ ಮಲಗಿದಾಳಲ್ಲ, ಇವಳ ಅತ್ತೆ ಸತ್ತುಹೋಗಿದಾಳಾ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಎದುರು ಮನೆಯ ದರ್ಜಿಯ ಹೆಂಡತಿ, "ಥೇಟ್ ನಿಮ್ಮ ಮುಖ ಕಣ್ರೀ" ಎಂದಾಗ ಇವಳು, "ನಾನು ಮಲಗಿದ್ದನ್ನ ಯಾರು ನೋಡಿದಾರೆ ಬಿಡಿ" ಎಂದು ಡಬ್ಬಿಯ ಚೀಲ ಎತ್ತಿಕೊಂಡಿದ್ದಳು.

ಈವತ್ತು ನಗರಸಭೆಯ ಮೇಡಂ ಬರುವವರಿದ್ದರು. ಬೀದಿ ಚಿತ್ರಗಳಲ್ಲಿ ಯಾವುದು ಬೆಲೆಯುಳ್ಳ ಕಲೆ, ಯಾವುದು ಬರೀ ಗೀಚಿದ್ದು ಎಂದು ತೀರ್ಮಾನಿಸುವ ಕೆಲಸ ಅವರದು. ಕಲೆ ಎಂದು ಒಪ್ಪಿದ ಗೋಡೆಯನ್ನು ಆಮೇಲೆ ಯಾರೂ ಒಡೆಯುವಂತಿಲ್ಲ. ಗಾರೆಯವನು ನಾಡಿದ್ದು ಬರುತ್ತೇನೆಂದು ಹೇಳಿಕಳಿಸಿದ್ದ.

ಹೊರಗೆ ಮಾತು ಕೇಳಿಸಿತು. ಬೆಂಕಿ ಸಣ್ಣ ಮಾಡಿ, ಕೈ ತೊಳೆದು ಮುಂದಿನ ಕೋಣೆಗೆ ಬಂದಳು. ಮೇಡಂ ಸೋಫಾದ ಮೇಲೆ ಕೂತಿದ್ದರು. ದೊಡ್ಡ ಕಿಟಕಿಗಳೆರಡರಿಂದ ಬೀಸುವ ಗಾಳಿಗೆ ಅವರ ಕೂದಲು ಹಾರುತ್ತಿತ್ತು.

"ಇಂಥ ಕೆಲಸ ಈ ಊರಲ್ಲಿ ಇನ್ನೊಂದಿಲ್ಲ. ಬಸ್ಸಿಗೆ ಕಾಯೋರು, ಕಸ ಗುಡಿಸೋರು, ಎಲ್ರೂ ನಿಂತು ನೋಡ್ತಾರೆ. ದುಡ್ಡು ಕೊಟ್ಟು ಒಳಗೆ ಹೋಗಿ ನೋಡೋ ಚಿತ್ರ ಅಲ್ಲ ಇದು, ಎಲ್ಲರ ಸೊತ್ತು" ಎಂದರು ಮೇಡಂ.

"ನಾನು ಮೊದಲ್ನೇ ದಿನಾನೇ ಹೇಳಿದ್ದೆ" ಎಂದ ಗಂಡ.

"ಏನ್ ಹೇಳಿದ್ದೆ, ಸುಣ್ಣ ಬಳೀಬೇಕು ಅಂದಿದ್ದೆ" ಎಂದರು ಅತ್ತೆ.

"ಅಮ್ಮ, ನೀನು ಸುಮ್ನಿರು."

ಇವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು: "ರೀ, ಕಿಟಕಿ?"

ಗಂಡ ಮೇಡಂ ಕಡೆ ನೋಡಿ ನಕ್ಕ. "ಅಡುಗೆಮನೆಗೆ ಒಂದು ಕಿಟಕಿ ಅಂತಿದ್ಲು. ಅದಕ್ಕೇನು, ಮುಂದೆ ನೋಡೋಣ."

"ಕಿಟಕಿ ಇಲ್ದೆ ನಾನು ಸಂಸಾರ ಮಾಡ್ಲಿಲ್ವೇನೇ? ಇವನನ್ನ ಸಾಕ್ಲಿಲ್ವಾ?" ಎಂದರು ಅತ್ತೆ.

ಮೇಡಂ ಮಾತ್ರ ನಗಲಿಲ್ಲ. "ಕಿಟಕಿ ಎಲ್ಲಿ ಬರತ್ತೆ?"

"ದಿಂಬು ಇರೋ ಜಾಗದಲ್ಲಿ."

"ಹಾಗಾದ್ರೆ ಮುಖಾನೂ ಹೋಗತ್ತೆ." ಅವರು ಇವಳ ಕಡೆಗೇ ತಿರುಗಿ ಕೂತರು. "ನಿಮ್ಮ ಮನೆಯವರು ಒಪ್ಪಿದಾರೆ. ಆದ್ರೆ ನೀವು ಬೇಡ ಅಂದ್ರೆ ನಾನು ಮುಂದುವರಿಯಲ್ಲ. ಒಲೆ ಮುಂದೆ ನಿಲ್ಲೋರು ನೀವು."

ಅವಳಿಗೆ ಇಂಥ ಪ್ರಶ್ನೆಯ ಅಭ್ಯಾಸವಿರಲಿಲ್ಲ. "ಒಂದ್ ನಿಮಿಷ" ಎಂದು ಬೀದಿಗೆ ಇಳಿದಳು.

ಬಿಸಿಲಲ್ಲಿ ಗೋಡೆ ಹೊಳೆಯುತ್ತಿತ್ತು. ಇದರ ಇನ್ನೊಂದು ಮಗ್ಗುಲಲ್ಲಿ, ಸರಿಯಾಗಿ ಈ ಮುಖದ ಹಿಂದೆ, ತಾನು ಇಷ್ಟು ವರ್ಷ ಬೆಂದಿದ್ದೇನೆ. ಕಲೆಯೋ ಅಲ್ಲವೋ ಅವಳಿಗೆ ತಿಳಿಯದು. ತಿಳಿದದ್ದು ಇಷ್ಟೇ: ದಿನವೂ ಡಬ್ಬಿ ಹೊತ್ತು ಹೋಗುವಾಗ ಈ ಮಲಗಿದವಳನ್ನು ಕಂಡರೆ ತನ್ನ ಕಾಲು ತುಸು ನಿಧಾನವಾಗುತ್ತದೆ, ತನ್ನ ಪಾಲಿನ ನಿದ್ದೆಯನ್ನು ಯಾರೋ ಮಾಡುತ್ತಿದ್ದಾರೆ ಎನಿಸಿ ಹೊಟ್ಟೆಕಿಚ್ಚೂ ಆಗುತ್ತದೆ, ಹಿತವೂ ಆಗುತ್ತದೆ. ಗಾರೆಯವನ ಸುತ್ತಿಗೆಯ ಮೊದಲ ಏಟು ಆ ಕೆನ್ನೆಗೇ ಬೀಳುವುದು. ಮಲಗಿದವರನ್ನು ಎಬ್ಬಿಸುವ ಮನೆಯಲ್ಲಿ ಬದುಕಿ ಅವಳಿಗೆ ಸಾಕಾಗಿತ್ತು. ತಾನೂ ಒಬ್ಬಳನ್ನು ಎಬ್ಬಿಸಲಾರಳು.

ಒಳಗೆ ಬಂದು, "ಆಗ್ಲಿ, ಇರ್ಲಿ ಬಿಡಿ" ಎಂದಳು.

"ನೋಡಿದ್ರಾ, ಒಳ್ಳೇದು ಕೆಟ್ಟದ್ದು ಇವಳಿಗೂ ಗೊತ್ತಾಗತ್ತೆ" ಎಂದ ಗಂಡ, ಪರೀಕ್ಷೆಯಲ್ಲಿ ತಾನೇ ಪಾಸಾದವನ ಹಾಗೆ. ಮೇಡಂ ಎದ್ದು, ಇವಳ ಕೈಯನ್ನೊಮ್ಮೆ ಹಿಡಿದು ಹೊರಟರು. ಗಂಡ ಅವರನ್ನು ಬೀದಿಯ ತಿರುವಿನವರೆಗೂ ಕಳಿಸಲು ಹೋದ. ಅತ್ತೆ ಎದುರು ಮನೆಗೆ ಸುದ್ದಿ ಮುಟ್ಟಿಸಲು ನಡೆದರು.

ಅವಳು ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಮುಂದಿನ ಕೋಣೆಯ ನಡುವೆ ನಿಂತಳು. ಸಂಜೆ ಗಂಡ ಟಿವಿ ನೋಡಲು, ಯಾವಾಗಲೋ ಬರುವ ನೆಂಟರು ಕೂರಲು ಇರುವ ಕೋಣೆ. ಉಳಿದ ಹೊತ್ತೆಲ್ಲ ಗಾಳಿ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ, ಯಾರ ಮೈಯನ್ನೂ ಮುಟ್ಟದೆ. ಸೋಫಾದ ಹಿಂದಿನ ಕಟ್ಟೆ ಸೊಂಟದ ಎತ್ತರಕ್ಕೇ ಇದೆ. ಅದರ ಮೇಲಿನ ಹೂಕುಂಡಗಳನ್ನು ಇಳಿಸಿದರೆ ಒಲೆ ಅಲ್ಲಿ ಆರಾಮವಾಗಿ ಕೂರುತ್ತದೆ. ಸಿಲಿಂಡರ್ ಕೆಳಗೆ. ನೀರಿನ ನಲ್ಲಿ ಜಗಲಿಯಲ್ಲೇ ಇದೆ. ಸೋಫಾ, ಟಿವಿ ಈಗಿನ ಅಡುಗೆಮನೆಗೆ ಹೋಗಲಿ. ಕತ್ತಲಲ್ಲಿ ಟಿವಿ ಚೆನ್ನಾಗಿಯೇ ಕಾಣುತ್ತದೆ. ಊರೆಲ್ಲ ಹೊಗಳುವ ಗೋಡೆಗೆ ಬೆನ್ನು ಕೊಟ್ಟು ಕೂರುವ ಭಾಗ್ಯ ಅವರಿಗೂ ಸಿಗಲಿ.

ನಾಡಿದ್ದು ಗಾರೆಯವನು ಬರುತ್ತಾನಲ್ಲ. ಬರಬೇಡ ಎಂದು ಹೇಳಿಕಳಿಸಬೇಕಾಗಿಲ್ಲ. ಆ ಹೊತ್ತಿಗೆ ಗಂಡ ಕೆಲಸಕ್ಕೆ ಹೋಗಿರುತ್ತಾನೆ. ಸೋಫಾ ಎತ್ತಲು ಇಬ್ಬರು ಬೇಕು.

"ಏನೇ, ಅಲ್ಲೇ ನಿಂತ್ಕೊಂಡೆ?" ಗಂಡ ಚಪ್ಪಲಿ ಬಿಡುತ್ತ ಕೇಳಿದ.

"ಏನಿಲ್ಲ, ಲೋಟ ತಗೊಳ್ಳೋಕೆ ಬಂದೆ."

ಅವಳು ಒಳಗೆ ಹೋಗಿ ಬೆಂಕಿ ದೊಡ್ಡದು ಮಾಡಿ, ಉಳಿದ ಈರುಳ್ಳಿಯನ್ನು ಹೆಚ್ಚತೊಡಗಿದಳು.