ಸರ್ ಕೇಳಿದ ಪ್ರಶ್ನೆ

"ಬಾಯಿ ಮುಚ್ಚಿದ್ದು ಒಂದೂ ಇಲ್ಲಲಾ ಅಕ್ಕಾ," ಎಂದು ಅನುಜಾಳಿಗೆ ಹೇಳುತ್ತ ಸುಯಶ ಮೊಬೈಲಿನಲ್ಲಿ ಫೋಟೋ ಸರಿಸುತ್ತಲೇ ಇದ್ದ. ಶ್ರದ್ಧಾಂಜಲಿ ಫಲಕಕ್ಕೆ ಕಾಕಾನದೊಂದು ಫೋಟೋ ಬೇಕಿತ್ತು. ಆರೋಗ್ಯ ಶಿಕ್ಷಕ ಜಿನಪಾಲ ಮೂವತ್ತೊಂದು ವರ್ಷ ಖಾನಾಪುರದ ಹಳ್ಳಿ ಹಳ್ಳಿ ತಿರುಗಿ, ಹಾವು ಕಡಿದರೆ ಏನು ಮಾಡಬೇಕೆಂದು ಹೇಳಿದವರು. ಯಾವ ಫೋಟೋದಲ್ಲೂ ಸುಮ್ಮನಿರಲಿಲ್ಲ. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವರು ಈಗ ಮಹಾಂತೇಶ ನಗರದ ತಮ್ಮದೇ ಪಡಸಾಲೆಯಲ್ಲಿ ಮಲಗಿದ್ದರು.

ಉದ್ಯಮಬಾಗಿನ ಫೌಂಡ್ರಿಗೆ ಅರ್ಧ ರಜೆ ಹಾಕಿ ಬಂದಿದ್ದ ಪಕ್ಕದ ಮನೆಯ ಮಯೂರ ಬಾಗಿಲಲ್ಲಿ ನಿಂತು ಸುಯಶನ ಕಿವಿಯಲ್ಲಿ ಕೇಳಿದ, "ಹ್ಯಾಂಗ್ ಆದ ಅಂಕಲ್ ಅಂದ್ರ ಇವ್ರ ಹೌದಲ್ಲೋ?"

"ಸುಮ್ನಿರೋ ಮಾರಾಯಾ, ಮಂದಿ ಕುಂತಾರ."

"ಅಲ್ಲಪಾ, ನನ್ನ ಮೊಬೈಲ್‌ನ್ಯಾಗ ಸ್ಟಿಕರ್ ಐತಿ, ಅದಕ್ಕ ಕೇಳ್ದೆ."

ಅನುಜಾ ಕೇಳಿಸಿಕೊಂಡಳು. ಅಪ್ಪನ ಎದೆಯ ಮೇಲಿನ ಬಿಳಿ ಬಟ್ಟೆಯನ್ನು ಮತ್ತೊಮ್ಮೆ ಸರಿಮಾಡಿದಳು.

* * *

ನಿವೃತ್ತಿಯಾದ ಮೇಲೆ ಜಿನಪಾಲ ಮನೆಯಲ್ಲಿ ಚಡಪಡಿಸುತ್ತಿದ್ದರು. ಈಗ ಸಭೆಗೆ ಯಾರು ಬರುತ್ತಾರೆ, ಎಲ್ಲರೂ ಮೊಬೈಲಿನಲ್ಲೇ ಇದ್ದಾರೆ, ನೀವೂ ಅಲ್ಲಿಗೇ ಹೋಗಬೇಕು ಎಂದು ಅನುಜಾಳೇ ಚಾನೆಲ್ ತೆರೆದುಕೊಟ್ಟಳು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತರು. ಮೊದಲ ಆರು ನಿಮಿಷ ಗ್ರಾಮ ಪಂಚಾಯತಿ ಅಧ್ಯಕ್ಷರಿಂದ ಹಿಡಿದು ತಾಯಂದಿರವರೆಗೆ ಎಲ್ಲರಿಗೂ ಸ್ವಾಗತ! ಆಮೇಲೆ, "ಹಾವು ಕಡದ್ರ ಮದಲ ಏನ್ ಮಾಡ್ತೀರಿ? ಹೇಳ್ರಿ ನೋಡೂಣು," ಎಂದು ಕೇಳಿ ಸುಮ್ಮನಾದರು.

"ಮುಂದ ಹೇಳಪ್ಪಾ," ಅಂದಳು ಅನುಜಾ.

"ತಡಿ, ಅವ್ರು ಹೇಳ್ಲಿ."

"ಯಾರು?"

"ಮಂದಿ. ಯಾರರೆ ಒಬ್ರು ತಪ್ಪ ಹೇಳ್ತಾರ. ಅದನ್ನ ಹಿಡಕೊಂಡ ಮುಂದ ಹೇಳೂದು. ಮೂವತ್ತ ವರ್ಷ ಹಂಗ ಮಾಡೀನಿ."

ಹಾಗೆಯೇ ಕಣ್ಣು ಮಿಟುಕಿಸದೆ ಮೊಬೈಲನ್ನೇ ನೋಡುತ್ತ ಕುಳಿತರು. ಕೊನೆಗೆ ಉತ್ತರವನ್ನೂ ತಾವೇ ಪೂರ್ತಿ ಹೇಳಿದರು. ನಲವತ್ತೊಂದು ನಿಮಿಷದ ವಿಡಿಯೋ ತಿಂಗಳಲ್ಲಿ ನೋಡಿದವರು ಹತ್ತೊಂಬತ್ತು ಜನ, ಅದರಲ್ಲಿ ಒಂಬತ್ತು ಮಂದಿ ಬೀಗರು. ಅನುಜಾಳಿಗೆ ಹೊಟ್ಟೆ ಉರಿಯಿತು. ಪ್ರಶ್ನೆ, ಅದರ ನಂತರದ ಮೌನ, ಅಷ್ಟನ್ನೇ ಇಪ್ಪತ್ತು ಸೆಕೆಂಡು ಕತ್ತರಿಸಿ, ನಗೆಯ ಸದ್ದು ಸೇರಿಸಿ, ಬೇರೆ ಹೆಸರಿನಲ್ಲಿ ಹಾಕಿದಳು. ಮೊದಲು ಜನ ಬರಲಿ, ಉತ್ತರ ಆಮೇಲೆ ಹಾಕಿದರಾಯಿತು ಅಂದುಕೊಂಡಳು. ಮೂರು ಲಕ್ಷ ಜನ ಬಂದರು. ನಕ್ಕರು, ಹೋದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಯಾರ್ ಮಾಡ್ಯಾರೋ ಏನೋ, ಇರ್ಲಿ," ಅಂದರು ಜಿನಪಾಲ. 'ಅಂಕಲ್ ಹ್ಯಾಂಗ್ ಆಗ್ಯಾರ' ಎಂದು ಬರೆದವರಿಗೆಲ್ಲ ಒಂದೇ ಬೆರಳಲ್ಲಿ ಉತ್ತರ ಬರೆಯುತ್ತ ಕೂತರು: 'ಇಲ್ಲರೀ, ನಿಮ್ಮ ಉತ್ತರಕ್ಕ ಕಾಯಾಕತ್ತಿದ್ದೆ. ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ. ಅಲುಗಾಡಿಸದ ಸೀದಾ ದವಾಖಾನಿಗೆ ಒಯ್ಯಿರಿ.' ಸಾವಿರಾರು ನಗುವಿನ ಕೆಳಗೆ ಅದನ್ನು ಓದುವವರು ಯಾರು? ಮಾಡಿದವಳು ನಾನೇ ಎಂದು ಅನುಜಾ ಹೇಳಲಿಲ್ಲ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತ ಹದಿನಾಲ್ಕು ತಿಂಗಳು ಕಳೆಯಿತು.

* * *

ಹೆಣ ಎತ್ತುವ ಹೊತ್ತಿಗೆ ಖಾನಾಪುರದ ಕಡೆಯ ಗಂಡ ಹೆಂಡತಿ ಬಂದರು. ಗಂಡ ಬಂಡೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಅನುಜಾಳ ತಾಯಿ ಹೀರಾಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಹೆಂಡತಿ ಮಾಯಾ ತಲೆಯ ಮೇಲೆ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಳು.

"ನಾ ಸಣ್ಣಾವಿದ್ದಾಗ ಸರ್ ನಮ್ಮ ಸಾಲಿಗೆ ಬಂದಿದ್ರರೀ ಬಾಯಾರ. ಸರ್ ನೆನಪಿದ್ರು, ಹೇಳಿದ್ದು ನೆನಪಿರ್ಲಿಲ್ಲ. ಭತ್ತ ಕೊಯ್ಯೂಮುಂದ ಈಕಿ ಕೈಗೆ ಹಾವು ಕಡೀತು. ಗಾಬರ್‍ಯಾಗಿ ಮೊಬೈಲ್‌ನ್ಯಾಗ ಹುಡುಕಿದೆ. ಸರ್ ಬಂದ್ರು! ಬದುಕಿದ್ವಿ ಅಂದೆ. ಪ್ರಶ್ನಿ ಕೇಳಿದ್ರು, ಸುಮ್ನಾದ್ರು. ಎರಡ ಸಲ ಹಚ್ಚಿ ನೋಡ್ದೆ. ಉತ್ತರ ಬರ್ಲೇ ಇಲ್ಲರೀ. ಅದರ ಬೆನ್ನಿಗೆ ಬ್ಯಾರೆ ಒಬ್ಬಾವ ಬಂದ, ಬಿಗದ ಕಟ್ರಿ ಅಂದ. ಕಟ್ಟಿದೆ."

ಮಾಯಾ ಸೆರಗು ಸರಿಸಿದಳು. ಎಡಗೈ ಮೊಣಕೈ ತನಕವೇ ಇತ್ತು.

"ಸರ್ ಯಾಕ ಹೇಳ್ಲಿಲ್ಲ ಅಂತ ಒಂದ ಮಾತು ಕೇಳೂದಿತ್ತು," ಅಂದ ಬಂಡೆಪ್ಪ. "ಅವ್ರ ಮ್ಯಾಲೆ ಸಿಟ್ಟಿತ್ತರೀ, ಸುಳ್ಳ ಯಾಕ ಹೇಳ್ಲಿ. ಇವತ್ತ ನೋಡಿದ್ರ ಹಿಂಗಾಗೇತಿ."

ಹೀರಾಬಾಯಿ ಗಂಡನ ಮುಖ ನೋಡಿದರು. "ಇವ್ರು ಹೇಳ್ದ ಬಿಡವರಲ್ಲಪಾ. ಜೀವಾ ಹೋದ್ರೂ ಹೇಳ್ತಿದ್ರು."

"ಅಪ್ಪ ಹೇಳಿದ್ದ," ಅಂದಳು ಅನುಜಾ. "ಪೂರ್ತಿ ಹೇಳಿದ್ದ. ಉತ್ತರ ಕತ್ತರಿಸಿ ಹಾಕಿದಾಕಿ ನಾನ. ಮಂದಿ ನೋಡ್ಲಿ ಅಂತ."

ಬಂಡೆಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಎದ್ದು ಹಿಂದೆ ಸರಿದು ಹೆಂಡತಿಗೆ ದಾರಿ ಬಿಟ್ಟ.

ಮಾಯಾ ಹೆಣದ ಕಾಲ ಬಳಿ ಕುಳಿತಳು. ಕೈಮುಗಿಯಲೆಂದು ಬಲಗೈ ಎತ್ತಿದಳು, ಅದು ಅಷ್ಟಕ್ಕೇ ನಿಂತಿತು. ಅನುಜಾ ಮುಂದೆ ಬಂದಳು.

"ನೀ ಬ್ಯಾಡ," ಅಂದರು ಹೀರಾಬಾಯಿ.

ಅವರೇ ಮಾಯಾಳ ಪಕ್ಕಕ್ಕೆ ಸರಿದು ಕುಳಿತು, ಅವಳ ಅಂಗೈಗೆ ತಮ್ಮ ಎಡ ಅಂಗೈ ಕೂಡಿಸಿದರು. ಇಬ್ಬರೂ ಸೇರಿ ಒಂದು ನಮಸ್ಕಾರ ಮಾಡಿದರು.