ಕಳ್ಳದನಿ

ನನ್ನ ಮನೆಯಲ್ಲಿ ಕಳ್ಳದನಿಗೆ ಜಾಗವಿಲ್ಲ. ಅಮೆರಿಕದ ಈಸ್ಟ್‌ಗೇಟಿನ ಈ ಮನೆಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ಸೇರಿದ ದಿನವೇ ಎಲ್ಲರಿಗೂ ಈ ಮಾತು ಹೇಳಿಬಿಡುತ್ತೇನೆ. ಮೇಲಿನ ಸ್ವರಕ್ಕೆ ಹೋಗುವಾಗ ತುಂಬುದನಿ ಬಿಟ್ಟು, ಗಂಟಲನ್ನು ತೆಳ್ಳಗೆ ಮಾಡಿಕೊಂಡು ನುಣುಚಿಕೊಳ್ಳುವುದೇ ಕಳ್ಳದನಿ. ಮೈಸೂರಿನಲ್ಲಿ ನನ್ನ ಗುರುಗಳು ಅದಕ್ಕೆ ಬೀಸಣಿಗೆಯ ಹಿಡಿಯಿಂದ ಮಂಡಿಗೆ ಬಾರಿಸುತ್ತಿದ್ದರು. ನಾನು ಹೊಡೆಯುವವಳಲ್ಲ. ಕಣ್ಣು ದೊಡ್ಡದು ಮಾಡುತ್ತೇನೆ, ಸಾಕಾಗುತ್ತದೆ.

ನಿಸರ್ಗಳಿಗೂ ಅಷ್ಟೇ ಸಾಕಾಗಿತ್ತು. ಹನ್ನೊಂದರ ಹುಡುಗಿ, ಐದು ವರ್ಷದಿಂದ ನನ್ನ ಶಿಷ್ಯೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಆದರೆ ಶ್ರುತಿ ಮಾತ್ರ ತಪ್ಪುವುದಿಲ್ಲ. ಮೂವತ್ತು ದೇಶಗಳ ಮಕ್ಕಳ ಗಾಯನ ಸ್ಪರ್ಧೆಯೊಂದಕ್ಕೆ ಈ ವರ್ಷ ಅಮೆರಿಕದಿಂದ ಹೋಗುವ ಒಂದೇ ಒಂದು ಹಾಡನ್ನು ಹಾಡಲು ಅವಳನ್ನು ಆರಿಸಿದಾಗ ನನಗೆ ಎರಡು ಕೋಡು ಮೂಡಿದವು. ಫೆರ್ರಿ ದೋಣಿ ಹಿಡಿಯಲು ಓಡುವ ಹುಡುಗಿಯೊಬ್ಬಳ ಹಾಡು, ಮೂರು ನಿಮಿಷದ್ದು. ಅವಳನ್ನು ತಯಾರು ಮಾಡುವ ಕೆಲಸ ಅವಳ ಸ್ವಂತ ಟೀಚರಿಗೆ, ಅಂದರೆ ನನಗೆ ಬಿತ್ತು.

ಹಾಡಿನ ಕೊನೆಯಲ್ಲಿ, ದೋಣಿ ಸಿಕ್ಕಾಗ, ಒಂದು ಸ್ವರ ಬಹಳ ಮೇಲಕ್ಕೆ ಹೋಗುತ್ತದೆ. ಮೊದಲ ದಿನ ನಿಸರ್ಗ ಅದನ್ನು ತೆಳ್ಳನೆಯ ದನಿಯಲ್ಲಿ ಮುಟ್ಟಿದಳು. ನಾನು ಕಣ್ಣು ದೊಡ್ಡದು ಮಾಡಿದೆ. ತುಂಬುದನಿಯಲ್ಲಿ ಹಾಡಿಸಿದರೆ ಅದು ಎಟುಕಲಿಲ್ಲ. ಅದಕ್ಕೇನಂತೆ, ನಮ್ಮ ಸಂಗೀತದಲ್ಲಿ ಹಾಡುವವರ ಗಂಟಲಿಗೆ ತಕ್ಕ ಹಾಗೆ ಶ್ರುತಿ ಇಟ್ಟುಕೊಳ್ಳುತ್ತೇವೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಹಾಡು ಮುದ್ರಿಸುವ ಸ್ಟುಡಿಯೋದವರು ಕಳಿಸಿದ್ದ ವಾದ್ಯಸಂಗೀತದ ಶ್ರುತಿಯನ್ನು ಫೋನಿನಲ್ಲಿ ಎರಡು ಮೆಟ್ಟಿಲು ಇಳಿಸಿ, ಆರು ವಾರ ಹಾಗೆಯೇ ಹಾಡಿಸಿದೆ. ಸ್ಟುಡಿಯೋದವರಿಗೆ ಹೇಳಿದರೆ ಅವರೂ ಒಂದು ಗುಂಡಿ ತಿರುಗಿಸುತ್ತಾರೆ ಎಂದುಕೊಂಡಿದ್ದೆ.

ಸ್ಟುಡಿಯೋ ಇದ್ದದ್ದು ಟಕ್ವಿಲಾ ಎಂಬ ಊರಿನ ಗೋದಾಮುಗಳ ಸಾಲಿನಲ್ಲಿ. ನಿಸರ್ಗಳ ತಾಯಿ ಮಧುಶ್ರೀ ಆಫೀಸಿಗೆ ರಜೆ ಹಾಕಿ ನಮ್ಮನ್ನು ಕರೆದುಕೊಂಡು ಹೋದಳು. ಧ್ವನಿಮುದ್ರಣ ನೋಡಿಕೊಳ್ಳುವ ಹೆಲನ್ ಸೌಮ್ಯ ಹೆಂಗಸು. ಶ್ರುತಿ ಇಳಿಸಿಕೊಡಿ ಎಂದ ನನ್ನ ಮಾತನ್ನು ಪೂರ್ತಿ ಕೇಳಿ, ಆಗುವುದಿಲ್ಲ ಎಂದಳು. ವಾದ್ಯಗಳು, ಹಿಮ್ಮೇಳದ ಮಕ್ಕಳ ದನಿ ಎಲ್ಲವೂ ಹೋದ ತಿಂಗಳೇ ಸ್ಪರ್ಧೆಯವರ ಕೈ ಸೇರಿವೆಯಂತೆ. ಇನ್ನು ಏನನ್ನೂ ಬದಲಾಯಿಸುವ ಹಾಗಿಲ್ಲ. ಇವತ್ತು ಐದು ಗಂಟೆಯೊಳಗೆ ನಿಸರ್ಗಳ ದನಿ ಹೋಗದಿದ್ದರೆ, ಆಯ್ಕೆಯಲ್ಲಿ ಎರಡನೆಯವಳಾಗಿ ಬಂದ ಟೆಕ್ಸಸ್‌ನ ಹುಡುಗಿ ಅಮೆರಿಕದ ಪರವಾಗಿ ಹಾಡುತ್ತಾಳೆ. ಆಗ ಗಂಟೆ ಮೂರೂವರೆ.

ಗಾಜಿನ ಆಚೆ ನಿಸರ್ಗ ನಿಂತಳು. ಈಚೆ ನಾವು ಮೂವರು ಕುಳಿತೆವು. ಹಾಡು ಚೆನ್ನಾಗಿಯೇ ಸಾಗಿ, ಆ ಸ್ವರಕ್ಕೆ ಬಂದಾಗ ದನಿ ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು. ಮೂರನೆಯ ಸಲ ಅವಳ ಕತ್ತಿನ ನರ ಉಬ್ಬಿದ್ದು ಗಾಜಿನ ಈಚೆಗೂ ಕಾಣಿಸಿತು. ಪ್ರತಿ ಸಲವೂ ಆ ಸ್ವರದ ಹತ್ತಿರ ಬಂದಾಗ ಅವಳು ನನ್ನ ಮುಖ ನೋಡುತ್ತಿದ್ದಳು.

"ಇವರ ಹಾಡೇ ಸರಿ ಇಲ್ಲ. ಮಕ್ಕಳಿಗೆ ಯಾರಾದ್ರೂ ಇಷ್ಟು ಮೇಲೆ ಬರೀತಾರಾ?" ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಧುಶ್ರೀ ಮೆಲ್ಲಗೆ ಹೇಳಿದಳು: "ಮೇಡಂ, ಬೇಜಾರು ಮಾಡ್ಕೋಬೇಡಿ. ಕಾರಲ್ಲಿ ಇವಳು ಇದೇ ಶ್ರುತೀಲಿ ಹಾಡ್ತಾಳೆ. ಒಂದ್ಸಲಾನೂ ಒಡೆಯಲ್ಲ. ಆದ್ರೆ ಕಳ್ಳದನೀಲಿ. ನಿಮಗೆ ಹೇಳ್ಬೇಡ ಅಂತ ಪ್ರಾಮಿಸ್ ಮಾಡಿಸ್ಕೊಂಡಿದಾಳೆ."

ಅಷ್ಟರಲ್ಲಿ ಹೆಲನ್, ಮನೆಯಲ್ಲಿ ಹಾಡುವಾಗಲೂ ಹೀಗೆ ತೊಂದರೆಯಾಗಿತ್ತೇ ಎಂದು ಮೈಕಿನಲ್ಲಿ ನಿಸರ್ಗಳನ್ನೇ ಕೇಳಿದಳು.

"ಸಾರಿ," ಎಂದಳು ನಿಸರ್ಗ. "ಐ ಡಿಡಂಟ್ ಪ್ರಾಕ್ಟೀಸ್ ಎನಫ್."

ಆರು ವಾರದಲ್ಲಿ ಒಂದು ದಿನವೂ ತಪ್ಪಿಸದ ಹುಡುಗಿ. ನನ್ನ ಮಾನ ಉಳಿಸಲು ತನ್ನ ಮೇಲೆ ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ಹದಿನೆಂಟು ವರ್ಷದಲ್ಲಿ ಒಂದು ಮಗುವಿಗೂ ತಪ್ಪು ನನ್ನದು ಎಂದವಳಲ್ಲ ನಾನು.

ಹೆಲನ್‌ಳ ಮೈಕನ್ನು ನನ್ನ ಕಡೆಗೆ ಎಳೆದುಕೊಂಡೆ. "ನಿಸರ್ಗ, ಪ್ರಾಕ್ಟೀಸ್ ಕಮ್ಮಿ ಆಗಿಲ್ಲ. ಶ್ರುತಿ ಇಳಿಸಿದ್ದು ನಾನು. ತಪ್ಪು ನಂದು. ಕಾರಲ್ಲಿ ಹೆಂಗೆ ಹಾಡ್ತೀಯೋ ಹಂಗೇ ಹಾಡು." ಅದನ್ನೇ ನನ್ನ ಹರಕು ಇಂಗ್ಲಿಷಿನಲ್ಲಿ ಹೆಲನ್‌ಗೂ ಹೇಳಿದೆ.

"ಆರ್ ಯು ಮ್ಯಾಡ್ ಅಟ್ ಮೀ?"

"ಇಲ್ಲ ಕಣೆ. ಹಾಡು."

ಬಾಯಲ್ಲಿ ಹೇಳಿದೆನೇ ಹೊರತು ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಹಳೆಯ ಅಭ್ಯಾಸ, ಕಣ್ಣು ಎಲ್ಲಿ ದೊಡ್ಡದಾಗಿಬಿಡುತ್ತವೋ ಎಂದು ಕುರ್ಚಿಯನ್ನೇ ಗೋಡೆಯ ಕಡೆಗೆ ತಿರುಗಿಸಿಕೊಂಡು ಕುಳಿತೆ.

ಹಾಡು ಶುರುವಾಯಿತು. ಹಾಡಿನ ಹುಡುಗಿ ಓಡಿದಳು, ದೋಣಿ ಸಿಕ್ಕಿತು. ದನಿ ಸಲೀಸಾಗಿ ಮೇಲೆ ಹೋಗಿ, ಅಲ್ಲಿಯೇ ನಿಂತು, ತನಗೆ ಬೇಕಾದಾಗ ಇಳಿದು ಬಂತು. ಎಷ್ಟು ಚೆನ್ನಾಗಿತ್ತು! ನನಗೆ ಖುಷಿಯಾಯಿತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ನಲವತ್ತು ವರ್ಷದಿಂದ ಹಾಡುತ್ತಿದ್ದೇನೆ, ಆ ಸ್ವರದವರೆಗೆ ನಾನು ಒಂದು ದಿನವೂ ಹೋಗಿಲ್ಲ. ಗುರುಗಳು ಹೋಗಬೇಡ ಎಂದಿದ್ದರು, ಹೋಗಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಹೆಲನ್ ಅಮೆರಿಕದ ಹಾಡನ್ನು ಕಳಿಸಿದಳು.

ವಾಪಸ್ ಬರುವಾಗ ಫ್ರೀವೇ ತುಂಬಾ ಕಾರುಗಳು. ನಾನು ಹಿಂದಿನ ಸೀಟಿನಲ್ಲಿ ನಿಸರ್ಗಳ ಪಕ್ಕ ಕುಳಿತಿದ್ದೆ. ರೆಂಟನ್ ದಾಟಿದ ಮೇಲೆ ಕೇಳಿಯೇಬಿಟ್ಟೆ. "ಅದನ್ನ ಹೆಂಗ್ ಮಾಡ್ತೀಯೆ? ಒಂಚೂರು ತೋರ್ಸು."

ಅವಳು ನನ್ನನ್ನು ಅನುಮಾನದಿಂದ ನೋಡಿ, ಹಾಡಿ ತೋರಿಸಿದಳು. ನಾನೂ ಹಾಡಿದೆ. ಅರ್ಧದಾರಿಯಲ್ಲೇ ದನಿ ಕೀರಲಾಗಿ ನಿಂತುಹೋಯಿತು. ಸ್ಟಿಯರಿಂಗ್ ಹಿಡಿದಿದ್ದ ಮಧುಶ್ರೀಯ ಭುಜ ಕುಲುಕುತ್ತಿತ್ತು. ನಿಸರ್ಗ ನಗಲಿಲ್ಲ. ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿದಳು.

"ಡೋಂಟ್ ಪುಶ್, ಆಂಟಿ," ಎಂದಳು. "ಸಣ್ಣಗೆ ಬಂದ್ರೂ ಇಟ್ಸ್ ಓಕೆ."

ನಾನು ಮತ್ತೆ ಬಾಯಿ ತೆರೆದೆ.